ಎಸ್ಸೆಸ್ಸೆಲ್ಸಿ ಮುಗಿಯಿತು, ಮುಂದೆ ಯಾವ ಕಾಲೇಜು? ಹೆತ್ತವರು ಮಕ್ಕಳೊಂದಿಗೆ ಕುಳಿತು ಮಾತನಾಡಬೇಕಾದ ವಿಷಯಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಕರಾವಳಿಯ ಯಾವುದೇ ಧರ್ಮಕೇಂದ್ರಕ್ಕೆ ಹೋದರೂ ಒಂದೇ ನೋಟ ಕಾಣುತ್ತದೆ. ಬೆಳಗ್ಗಿನ ಬಲಿಪೂಜೆ ಮುಗಿದು ಧರ್ಮಗುರುಗಳು ನಿವಾಸಕ್ಕೆ ಬರುವಷ್ಟರಲ್ಲಿ ಜಗಲಿಯಲ್ಲಿ ನಾಲ್ಕೈದು ಮಂದಿ ಹೆತ್ತವರು ಕಾದಿರುತ್ತಾರೆ. "ಫಾದರ್, ಕಾಲೇಜಿಗೆ ಒಂದು ಲೆಟರ್ ಬೇಕಿತ್ತು" ಎನ್ನುತ್ತಾರೆ. ಯಾವ ಕಾಲೇಜು ಎಂದು ಕೇಳಿದರೆ ಹೆಸರು ತಕ್ಷಣ ಬರುತ್ತದೆ. ಯಾವ ವಿಭಾಗ ಎಂದು ಕೇಳಿದರೆ "ಸಾಯನ್ಸ್" ಎಂಬ ಉತ್ತರವೂ ಬರುತ್ತದೆ. ಮುಂದೆ ಏನು ಮಾಡಬೇಕೆಂದಿದ್ದಾನೆ ಎಂದು ಕೇಳಿದರೆ ಮಾತ್ರ ತಂದೆ ತಾಯಿಯ ಮುಖ ನೋಡುತ್ತಾರೆ, ತಾಯಿ ಮಗನ ಮುಖ ನೋಡುತ್ತಾರೆ, ಮಗ ನೆಲ ನೋಡುತ್ತಾನೆ.

ಕೆಲವು ವರ್ಷಗಳ ಹಿಂದೆ ಇಂತಹ ಒಬ್ಬ ಹುಡುಗನಿಗೆ ನಾನೂ ಪತ್ರ ಬರೆದುಕೊಟ್ಟೆ. ಚರ್ಚ್ ಸಭಾಂಗಣದ ಫ್ಯಾನು, ಪಕ್ಕದ ಮನೆಯ ಪಂಪು, ಯಾವುದು ಕೆಟ್ಟರೂ ಬಿಚ್ಚಿ ಸರಿಮಾಡುತ್ತಿದ್ದ ಹುಡುಗ. ಅಂಕಗಳು ಸಾಧಾರಣವಾಗಿ ಒಳ್ಳೆಯವೇ ಇದ್ದವು. ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಯೂ ಇರುವ ವಿಜ್ಞಾನ ವಿಭಾಗಕ್ಕೆ ಸೇರಿಸಬೇಕೆಂಬುದು ತಂದೆಯ ಆಸೆ. ತಾಯಿ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಶುಲ್ಕ ಕಟ್ಟಿದರು. ಎರಡನೇ ವರ್ಷದಲ್ಲಿ ಹುಡುಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ. ಮನೆಯಲ್ಲಿ ಮಾತು ನಿಂತಿತು, ಚರ್ಚಿಗೆ ಬರುವುದೂ ನಿಂತಿತು. ಒಂದು ವರ್ಷ ಮನೆಯಲ್ಲೇ ಕುಳಿತು, ಆಮೇಲೆ ಸರಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ. ಈಗ ಅವನದ್ದೇ ಕೆಲಸವಿದೆ. ಕಳೆದ ಸಲ ಚರ್ಚಿನ ವಾರ್ಷಿಕ ಹಬ್ಬಕ್ಕೆ ದೀಪಾಲಂಕಾರ ಮಾಡಲು ಬಂದಾಗ ನಗುತ್ತಲೇ ಹೇಳಿದ: "ಫಾದರ್, ಅವತ್ತು ನೀವು ನನ್ನನ್ನೇ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ."

ಅವನು ಹೇಳಿದ್ದು ಸರಿ. ನಾನು ತಂದೆಯನ್ನು ಕೇಳಿದೆ, ಅಂಕಪಟ್ಟಿ ನೋಡಿದೆ, ಹುಡುಗನನ್ನು ಕೇಳಲಿಲ್ಲ. ಈ ಲೇಖನ ಬರೆಯಲು ಆ ಮಾತೇ ಕಾರಣ.

ಮೊದಲು ಗುರಿ, ಆಮೇಲೆ ಕೋರ್ಸು, ಕೊನೆಗೆ ಕಾಲೇಜು

ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಮೊದಲು ಹೆಸರಾಂತ ಕಾಲೇಜನ್ನು ಆರಿಸುತ್ತೇವೆ, ಅಲ್ಲಿ ಸಿಕ್ಕಿದ ಕೋರ್ಸಿಗೆ ಸೇರಿಸುತ್ತೇವೆ, ಗುರಿಯನ್ನು ಮೂರು ವರ್ಷಗಳ ನಂತರ ಹುಡುಕುತ್ತೇವೆ. ಒಂದು ಕಾಲೇಜು ಒಳ್ಳೆಯದು ಎಂಬ ಮಾತಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಯಾರಿಗೆ ಒಳ್ಳೆಯದು, ಯಾವ ಗುರಿಗೆ ಒಳ್ಳೆಯದು ಎಂದು ಕೇಳಬೇಕು. ಲೆಕ್ಕಪರಿಶೋಧಕಿಯಾಗಬೇಕೆಂಬ ಹುಡುಗಿಗೆ ಒಳ್ಳೆಯದಾದ ಕಾಲೇಜು, ಹಡಗಿನಲ್ಲಿ ಕೆಲಸ ಮಾಡಬೇಕೆಂಬ ಹುಡುಗನಿಗೆ ಉಪಯೋಗಕ್ಕೆ ಬಾರದಿರಬಹುದು.

ಹದಿನೈದು-ಹದಿನಾರರ ಮಕ್ಕಳಿಗೆ ಖಚಿತ ಗುರಿ ಇರುವುದಿಲ್ಲವಲ್ಲ ಎಂದು ಹೆತ್ತವರು ಹೇಳುತ್ತಾರೆ. ನಿಜ. ಆದರೆ ಒಲವು ಇರುತ್ತದೆ. ಯಾವ ವಿಷಯವನ್ನು ಯಾರೂ ಹೇಳದೆ ಓದುತ್ತಾರೆ, ಬಿಡುವಿನಲ್ಲಿ ಏನು ಮಾಡುತ್ತಾರೆ, ಕೈಕೆಲಸ ಇಷ್ಟವೋ, ಜನರೊಂದಿಗೆ ಬೆರೆಯುವುದು ಇಷ್ಟವೋ, ಲೆಕ್ಕ ಇಷ್ಟವೋ, ರೋಗಿಯ ಹತ್ತಿರ ನಿಲ್ಲುವ ಧೈರ್ಯವಿದೆಯೋ ಎಂಬುದನ್ನು ತಾಯಂದಿರು ಬಲ್ಲರು. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಎಷ್ಟು ಬಂತು ಎಂಬುದಕ್ಕಿಂತ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗಳಲ್ಲಿ ಬೇರೆ ಬೇರೆಯಾಗಿ ಎಷ್ಟು ಬಂತು ಎಂಬುದು ಹೆಚ್ಚು ಹೇಳುತ್ತದೆ.

ಪಿಯುಸಿ ಒಂದೇ ದಾರಿಯಲ್ಲ

ಎಸ್ಸೆಸ್ಸೆಲ್ಸಿಯ ನಂತರ ಮುಖ್ಯವಾಗಿ ಮೂರು ದಾರಿಗಳಿವೆ: ಪದವಿಪೂರ್ವ ಶಿಕ್ಷಣ, ಪಾಲಿಟೆಕ್ನಿಕ್ ಡಿಪ್ಲೊಮಾ, ಐಟಿಐ.

ಪದವಿಪೂರ್ವದಲ್ಲಿ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳು. ಇಂಜಿನಿಯರಿಂಗಿಗೆ ಭೌತಶಾಸ್ತ್ರ ಮತ್ತು ಗಣಿತ ಬೇಕು. ವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್ ಮುಂತಾದವುಗಳಿಗೆ ಜೀವಶಾಸ್ತ್ರ ಬೇಕು. ಎರಡೂ ಬಾಗಿಲು ತೆರೆದಿರಲೆಂದು ಬಹಳಷ್ಟು ಮಂದಿ ಪಿಸಿಎಂಬಿ ತೆಗೆದುಕೊಳ್ಳುತ್ತಾರೆ. ವಿಜ್ಞಾನ ಓದಿದವರು ಮುಂದೆ ಬಿ.ಕಾಂ., ಬಿ.ಎ., ಕಾನೂನು ಯಾವುದಕ್ಕೂ ಹೋಗಬಹುದು; ವಾಣಿಜ್ಯ ಓದಿದವರು ವೈದ್ಯಕೀಯಕ್ಕೆ ಹೋಗಲಾಗದು. ಆದ್ದರಿಂದ "ಸಾಯನ್ಸ್ ತೆಗೆದುಕೊಂಡರೆ ನಷ್ಟವಿಲ್ಲ" ಎಂಬ ಮಾತು ಹುಟ್ಟಿಕೊಂಡಿದೆ. ಆದರೆ ನಷ್ಟವಿದೆ. ಗಣಿತದಲ್ಲಿ ಕಷ್ಟಪಟ್ಟು ಪಾಸಾದ ಮಗು ನಾಲ್ಕು ಕಠಿಣ ವಿಷಯಗಳನ್ನು ಎರಡು ವರ್ಷ ಹೊರಬೇಕು. ಕನ್ನಡ ಮಾಧ್ಯಮದಿಂದ ಬಂದ ಮಗುವಾದರೆ ಇಂಗ್ಲಿಷ್ ಪಾಠ ಹಿಡಿತಕ್ಕೆ ಬರುವಷ್ಟರಲ್ಲಿ ಕೆಲವು ತಿಂಗಳು ಕಳೆದಿರುತ್ತವೆ. ಬಾಗಿಲು ತೆರೆದಿದ್ದರೆ ಸಾಲದು, ದಾಟುವ ಶಕ್ತಿಯೂ ಮನಸ್ಸೂ ಬೇಕು.

ವಾಣಿಜ್ಯ ಮತ್ತು ಕಲಾ ವಿಭಾಗಗಳು ಕಡಿಮೆ ಅಂಕದವರಿಗೆ ಎಂಬ ಭಾವನೆಯನ್ನು ಬಿಡಬೇಕು. ಸಿ.ಎ. ಫೌಂಡೇಷನ್ ಪರೀಕ್ಷೆಯನ್ನು ದ್ವಿತೀಯ ಪಿಯುಸಿಯ ನಂತರ ಬರೆಯಬಹುದು. ವಾಣಿಜ್ಯ ಓದಿದವರಿಗೆ ಅದು ಪರಿಚಿತ ದಾರಿ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರೂ ಸೇರಬಹುದು. ಕೇಂದ್ರ ಮತ್ತು ರಾಜ್ಯ ಆಡಳಿತ ಸೇವೆಯ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಸಮಾಜಕಾರ್ಯ ಶಿಕ್ಷಣ ನೀಡುವ ಮಂಗಳೂರಿನ ರೋಶನಿ ನಿಲಯ 1960ರಿಂದ ನಮ್ಮ ನಡುವೆಯೇ ಇದೆ.

ಪಾಲಿಟೆಕ್ನಿಕ್‌ನಲ್ಲಿ ಎಸ್ಸೆಸ್ಸೆಲ್ಸಿಯ ನಂತರ ನೇರವಾಗಿ ಮೂರು ವರ್ಷದ ಡಿಪ್ಲೊಮಾ. ಮಂಗಳೂರಿನ ಕದ್ರಿಯಲ್ಲಿರುವ ಕರ್ನಾಟಕ ಪಾಲಿಟೆಕ್ನಿಕ್ 1946ರಷ್ಟು ಹಳೆಯದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ ನೇರ ಸೇರಬಹುದು. ಅಂದರೆ ಇಂಜಿನಿಯರ್ ಆಗಲು ಪಿಯುಸಿ ಮತ್ತು ಸಿಇಟಿಯೇ ಆಗಬೇಕೆಂದಿಲ್ಲ. ಡಿಪ್ಲೊಮಾ ಹಂತದಲ್ಲೇ ಕೆಲಸ ಸಿಕ್ಕಿದರೆ ಮನೆಗೂ ಆಧಾರವಾಗುತ್ತದೆ.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ರೆಫ್ರಿಜರೇಷನ್ ಮತ್ತು ಎ.ಸಿ. ಮುಂತಾದ ವೃತ್ತಿಗಳಿಗೆ ಎರಡು ವರ್ಷ, ವೆಲ್ಡರ್‌ನಂತಹ ವೃತ್ತಿಗೆ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಐಟಿಐಯಿಂದ ಡಿಪ್ಲೊಮಾ, ಅಲ್ಲಿಂದ ಇಂಜಿನಿಯರಿಂಗ್ ಎಂದು ಮೆಟ್ಟಿಲು ಹತ್ತಿದವರಿದ್ದಾರೆ. ಐಟಿಐ ಎಂದರೆ ದಾರಿ ಮುಗಿಯಿತು ಎಂದು ಯಾರೂ ತಿಳಿಯಬಾರದು.

ಇನ್ನು ಅನುತ್ತೀರ್ಣರಾದ ಮಕ್ಕಳ ಬಗ್ಗೆ ಒಂದು ಮಾತು. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ಒಂದೇ ವರ್ಷದೊಳಗೆ ಮತ್ತೊಮ್ಮೆ ಮುಖ್ಯ ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಿದೆ. ಫಲಿತಾಂಶ ಬಂದ ದಿನ ಮನೆಯಲ್ಲಿ ಗದರುವ ಬದಲು ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ಶಾಲೆಯಲ್ಲಿ ಕೇಳಿ. ಆ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ.

ನಮ್ಮ ಮಕ್ಕಳು ಹೆಚ್ಚಾಗಿ ಕೇಳುವ ಮೂರು ಗುರಿಗಳು

ನರ್ಸಿಂಗ್: ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ; ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಜಿಎನ್‌ಎಂಗೆ ಬೇರೆ ವಿಭಾಗದವರೂ ಅರ್ಜಿ ಹಾಕಬಹುದು. ಸೇರುವ ಮೊದಲು ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ, ಮುಗಿಸಿದವರಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತಿದೆಯೇ, ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ ಎಂದು ಕೇಳಿ. ರೋಗಿಗಳಿಲ್ಲದ ಕಡೆ ಶುಶ್ರೂಷೆ ಕಲಿಯಲಾಗದು. 1880ರಲ್ಲಿ ಫಾ. ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಆರಂಭಿಸಿದ ಸೇವೆಯೇ ಇಂದು ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಾಗಿ ಬೆಳೆದಿದೆ. ಅಲ್ಲಿ ಮೊದಲು ಬಂದದ್ದು ರೋಗಿ, ಆಮೇಲೆ ಕಾಲೇಜು.

ಹಡಗಿನ ಕೆಲಸ: ಕರಾವಳಿಯ ಯುವಕರು ಹೆಚ್ಚು ಹಣ ಕಳೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಎಸ್ಸೆಸ್ಸೆಲ್ಸಿ ಆದವರಿಗೆ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ ಇದೆ. ಅಧಿಕಾರಿಯಾಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ನಾಟಿಕಲ್ ಸಾಯನ್ಸ್ ಅಥವಾ ಮರೈನ್ ಇಂಜಿನಿಯರಿಂಗ್‌ಗೆ ಹೋಗಬೇಕು. ತರಬೇತಿ ಸಂಸ್ಥೆಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಅನುಮೋದನೆ ಇರಲೇಬೇಕು. ಪಟ್ಟಿ ಅವರ ಜಾಲತಾಣದಲ್ಲಿ ಸಿಗುತ್ತದೆ. ಕೆಲಸಕ್ಕೆ ಕಳಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು, ಮತ್ತು ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. ಹಣ ಕೇಳುವ ದಲ್ಲಾಳಿಯಿಂದ ದೂರವಿರಿ. ಶುಲ್ಕ ಕಟ್ಟುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬಣ್ಣಗುರುಡು ಇದ್ದರೆ ಈ ಕೆಲಸ ಸಿಗುವುದಿಲ್ಲ.

ಇಂಜಿನಿಯರಿಂಗ್: ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಆದ್ದರಿಂದ ತರಬೇತಿಯ ಹೆಸರಿನಲ್ಲಿ ಪಾಠವನ್ನೇ ಕಡೆಗಣಿಸುವ ಸಂಸ್ಥೆಯಿಂದ ಲಾಭವಿಲ್ಲ. ಕೋಚಿಂಗ್ ಕೇಂದ್ರಗಳು ರ‍್ಯಾಂಕಿನ ಭರವಸೆ ನೀಡಬಾರದು, 16 ವರ್ಷಕ್ಕಿಂತ ಕೆಳಗಿನವರನ್ನು ಸೇರಿಸಬಾರದು, ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕ ಹಿಂದಿರುಗಿಸಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಜನವರಿ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಗೋಡೆಯ ಮೇಲಿನ ಫ್ಲೆಕ್ಸಿನಲ್ಲಿ ರ‍್ಯಾಂಕ್ ಪಡೆದ ಹತ್ತು ಮಂದಿಯ ಚಿತ್ರ ಇರುತ್ತದೆ. ಉಳಿದವರು ಎಲ್ಲಿಗೆ ಹೋದರು ಎಂದು ಕೇಳಿ.

ಕಾಲೇಜಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು

ಅರ್ಜಿ ಹಾಕುವ ಮೊದಲು ತರಗತಿ ನಡೆಯುವ ದಿನವೇ ಮಗುವನ್ನು ಕರೆದುಕೊಂಡು ಕಾಲೇಜಿಗೆ ಹೋಗುವುದು ಒಳ್ಳೆಯದು. ರಜೆಯಾದರೆ ಅಲ್ಲಿ ಓದಿದ ನಿಮ್ಮ ವಾಳೆಯ ಹಿರಿಯ ವಿದ್ಯಾರ್ಥಿಯನ್ನು ಮಾತನಾಡಿಸಿ. ಕೆಳಗಿನ ವಿಷಯಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ.

1. ಮಾನ್ಯತೆ: ಪದವಿಯಾದರೆ ಯಾವ ವಿಶ್ವವಿದ್ಯಾನಿಲಯ, ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಆದರೆ ಎಐಸಿಟಿಇ ಅನುಮೋದನೆ, ಐಟಿಐ ಆದರೆ ಎನ್‌ಸಿವಿಟಿ ಪ್ರಮಾಣಪತ್ರ ಇದೆಯೇ? ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಯುಜಿಸಿ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ.

2. ಅಧ್ಯಾಪಕರು: ಮಗು ಆರಿಸಿದ ವಿಷಯಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ, ಪ್ರತಿ ವರ್ಷ ಬದಲಾಗುತ್ತಾರೆಯೇ?

3. ಫಲಿತಾಂಶ: ಒಟ್ಟು ಎಷ್ಟು ಮಂದಿ ಪರೀಕ್ಷೆಗೆ ಕುಳಿತರು, ಎಷ್ಟು ಮಂದಿ ಪಾಸಾದರು? ಸಾಧಾರಣ ಅಂಕದವರಿಗೆ ಪ್ರತ್ಯೇಕ ಪಾಠವಿದೆಯೇ? 95 ಶೇಕಡಾದವರನ್ನೇ ಸೇರಿಸಿ 95 ಶೇಕಡಾ ತೆಗೆಸಿದ ಕಾಲೇಜಿಗಿಂತ 60ರವರನ್ನು 75ಕ್ಕೆ ಏರಿಸಿದ ಕಾಲೇಜು ಹೆಚ್ಚು ಕಲಿಸಿದೆ.

4. ಮುಗಿಸಿದವರು ಎಲ್ಲಿದ್ದಾರೆ: ಕಳೆದ ಎರಡು ಮೂರು ವರ್ಷಗಳ ವಿದ್ಯಾರ್ಥಿಗಳು ಯಾವ ಕೆಲಸದಲ್ಲಿದ್ದಾರೆ, ಎಷ್ಟು ಮಂದಿ ಮುಂದೆ ಓದುತ್ತಿದ್ದಾರೆ?

5. ದಾರಿ: ಮನೆಯಿಂದ ಎಷ್ಟು ಹೊತ್ತು? 2023ರ ಜೂನ್‌ನಿಂದ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವಿದ್ದರೂ ನಮ್ಮ ಜಿಲ್ಲೆಗಳ ಅನೇಕ ಹಳ್ಳಿಗಳಿಗೆ ಖಾಸಗಿ ಬಸ್ಸೇ ಬರುವುದು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ ಮಗು ಸಂಜೆ ಓದುವುದು ಯಾವಾಗ? ಮಳೆಗಾಲದಲ್ಲಿ ಹೇಗೆ?

6. ಹಾಸ್ಟೆಲ್: ಊಟ, ಶೌಚಾಲಯ, ಅಭ್ಯಾಸದ ಸಮಯ, ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು. ಭಾನುವಾರ ಬಲಿಪೂಜೆಗೆ ಹೋಗಲು ಬಿಡುತ್ತಾರೆಯೇ, ಹತ್ತಿರದ ಚರ್ಚು ಯಾವುದು?

7. ಕಾಗದಪತ್ರ: ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2018ರಲ್ಲಿ ಸೂಚಿಸಿದೆ. ಬಿಟ್ಟುಹೋದರೆ ಶುಲ್ಕ ಎಷ್ಟು ಹಿಂದೆ ಸಿಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಹಣದ ಲೆಕ್ಕ

ಗೋಪುರ ಕಟ್ಟಬೇಕೆಂದವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ ಸಾಮತಿ ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಅಡಿಪಾಯ ಹಾಕಿ ಮುಗಿಸಲಾಗದೆ ನಿಂತವನನ್ನು ನೋಡಿದವರು ನಗುತ್ತಾರೆ. ಶಿಕ್ಷಣದಲ್ಲಿ ಹಾಗೆ ನಿಂತಾಗ ಮಗುವಿಗೆ ಆಗುವ ನೋವು ಇನ್ನೂ ದೊಡ್ಡದು.

ಮೊದಲ ವರ್ಷದ ಶುಲ್ಕ ಮಾತ್ರ ನೋಡಬೇಡಿ. ಇಡೀ ಕೋರ್ಸಿನ ಶುಲ್ಕ, ಹಾಸ್ಟೆಲ್, ಬಸ್ಸು, ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ ಎಲ್ಲವನ್ನೂ ಕೂಡಿಸಿ. ಆ ಮೊತ್ತವನ್ನು ಕೋರ್ಸು ಮುಗಿಸಿದವರಿಗೆ ನಿಜವಾಗಿ ಸಿಗುತ್ತಿರುವ ಸಂಬಳದ ಪಕ್ಕದಲ್ಲಿಟ್ಟು ನೋಡಿ. ಸಾಲ ಬೇಕಾದರೆ ಚಿನ್ನ ಅಡವಿಡುವ ಮೊದಲು ಬ್ಯಾಂಕಿಗೆ ಹೋಗಿ. ಮಾನ್ಯತೆ ಪಡೆದ ಉನ್ನತ ಶಿಕ್ಷಣದ ಕೋರ್ಸುಗಳಿಗೆ 7.5 ಲಕ್ಷ ರೂಪಾಯಿಯವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ನೀಡಲು ಸರಕಾರದ ಖಾತರಿ ಯೋಜನೆ ಇದೆ. ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷದ ನಂತರ ಕಂತು ಶುರುವಾಗುತ್ತದೆ. ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ, ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಯೋಜನೆಗಳನ್ನೂ ವಿಚಾರಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಟ್ಟರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ.

ಇನ್ನೊಂದು ವಿಷಯ. ಕೆಲವು ಮನೆಗಳಲ್ಲಿ ಮಗನ ಇಂಜಿನಿಯರಿಂಗಿಗೆ ಸಾಲ ಮಾಡುತ್ತಾರೆ, ಅವನಿಗಿಂತ ಚೆನ್ನಾಗಿ ಓದುವ ಮಗಳನ್ನು ಹತ್ತಿರದ ಯಾವುದೋ ಕೋರ್ಸಿಗೆ ಸೇರಿಸುತ್ತಾರೆ. ಲೆಕ್ಕ ಹಾಕುವಾಗ ಇಬ್ಬರಿಗೂ ಒಂದೇ ಅಳತೆ ಇರಲಿ.

ಕಥೊಲಿಕ್ ಕಾಲೇಜೇ ಆಗಬೇಕೇ?

ಈ ಪ್ರಶ್ನೆಯನ್ನು ಧರ್ಮಗುರುವಿನ ಬಳಿ ಕೇಳಲು ಹೆತ್ತವರು ಹಿಂಜರಿಯುತ್ತಾರೆ. 1880ರ ಸೈಂಟ್ ಅಲೋಶಿಯಸ್, 1921ರ ಸೈಂಟ್ ಆಗ್ನೆಸ್, 1958ರ ಪುತ್ತೂರಿನ ಸೈಂಟ್ ಫಿಲೋಮಿನಾ, 1967ರ ಕಲ್ಯಾಣಪುರದ ಮಿಲಾಗ್ರಿಸ್, ಹೀಗೆ ನಮ್ಮ ಹಿರಿಯರು ಕಟ್ಟಿದ ಕಾಲೇಜುಗಳು ಈ ಕರಾವಳಿಯ ಎಲ್ಲಾ ಧರ್ಮದವರ ಮಕ್ಕಳನ್ನು ಬೆಳೆಸಿವೆ. ಮಗುವಿನ ಗುರಿಗೆ ಬೇಕಾದ ಕೋರ್ಸು ಅಲ್ಲಿದ್ದು, ಖರ್ಚು ನಿಭಾಯಿಸಲು ಸಾಧ್ಯವಿದ್ದರೆ ಖಂಡಿತ ಸೇರಿಸಿ. ಶುಲ್ಕ ಹೊರೆಯಾದರೆ ಸಂಕೋಚಪಡದೆ ಪ್ರಾಂಶುಪಾಲರನ್ನು ಭೇಟಿಯಾಗಿ ಪರಿಸ್ಥಿತಿ ತಿಳಿಸಿ.

ಆದರೆ ಬೇಕಾದ ಕೋರ್ಸು ಸರಕಾರಿ ಪಾಲಿಟೆಕ್ನಿಕ್‌ನಲ್ಲಿದ್ದರೆ ಅಲ್ಲಿಗೇ ಕಳುಹಿಸುವುದು ಸರಿ. ಅದರಿಂದ ವಿಶ್ವಾಸ ಕಡಿಮೆಯಾಗುವುದಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ಹೆತ್ತವರೇ ಎಂದು ಸಾರುತ್ತದೆ; ಶಾಲೆಯನ್ನು ಆರಿಸುವ ಅವರ ಸ್ವಾತಂತ್ರ್ಯವನ್ನೂ ಎತ್ತಿಹಿಡಿಯುತ್ತದೆ. ಮನೆಯಲ್ಲಿ ಸಂಜೆಯ ಜಪಸರ ನಿಂತುಹೋಗಿದ್ದರೆ ಯಾವ ಕಾಲೇಜಿನ ಹೆಸರೂ ಅದರ ಕೊರತೆಯನ್ನು ತುಂಬದು.

ಧರ್ಮಕೇಂದ್ರಗಳು ಏನು ಮಾಡಬಹುದು?

ಮಾರ್ಗದರ್ಶನ ಶಿಬಿರಗಳನ್ನು ನಾವು ಫಲಿತಾಂಶದ ನಂತರ ಏರ್ಪಡಿಸುತ್ತೇವೆ. ಆಗ ತಡವಾಗಿರುತ್ತದೆ. ಒಂಬತ್ತನೇ ತರಗತಿಯ ಕೊನೆಯಲ್ಲಿ ಅಥವಾ ಹತ್ತನೆಯ ಆರಂಭದಲ್ಲಿ ಮಾಡಿದರೆ ಯೋಚಿಸಲು ಒಂದು ವರ್ಷ ಸಿಗುತ್ತದೆ.

ಪಾಲನಾ ಮಂಡಳಿಯ ಶಿಕ್ಷಣ ಆಯೋಗದವರು ಧರ್ಮಕೇಂದ್ರದಲ್ಲಿರುವ ನರ್ಸ್, ಎಲೆಕ್ಟ್ರಿಷಿಯನ್, ಶಿಕ್ಷಕಿ, ಬ್ಯಾಂಕ್ ಉದ್ಯೋಗಿ, ಹಡಗಿನಿಂದ ರಜೆಯಲ್ಲಿ ಬಂದವರು, ಕೃಷಿಕರು ಇವರ ಒಂದು ಪಟ್ಟಿ ಮಾಡಬಹುದು. ಒಂದು ಭಾನುವಾರ ಬಲಿಪೂಜೆಯ ನಂತರ ಅವರನ್ನು ಮಕ್ಕಳೊಂದಿಗೆ ಕೂರಿಸಿ. ಸಂಬಳ ಎಷ್ಟು, ಕಷ್ಟವೇನು, ಬೆಳಗ್ಗೆ ಎಷ್ಟು ಗಂಟೆಗೆ ಏಳಬೇಕು ಎಂದು ಮಕ್ಕಳೇ ಕೇಳಲಿ. ಹೊರಗಿನಿಂದ ಬಂದ ಭಾಷಣಕಾರರಿಗಿಂತ ಇವರ ಮಾತು ನಾಟುತ್ತದೆ. ಐಸಿವೈಎಂ ಯುವಜನರು ಅರ್ಜಿ ತುಂಬಲು, ವಿದ್ಯಾರ್ಥಿವೇತನದ ಜಾಲತಾಣ ನೋಡಲು ನೆರವಾಗಬಹುದು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಶುಲ್ಕಕ್ಕೆ ಸಹಾಯ ಮಾಡುವಾಗ ಮೊದಲ ವರ್ಷಕ್ಕೆ ಮಾತ್ರವಲ್ಲ, ಕೊನೆಯ ವರ್ಷದವರೆಗೂ ಆ ಮಗುವನ್ನು ವಿಚಾರಿಸಿಕೊಳ್ಳಲಿ. ಗುರಿಕಾರರು ತಮ್ಮ ವಾಳೆಯಲ್ಲಿ ಓದು ಅರ್ಧಕ್ಕೆ ನಿಲ್ಲಿಸಿ ಮನೆಯಲ್ಲಿ ಕುಳಿತ ಮಕ್ಕಳ ಹೆಸರನ್ನು ಧರ್ಮಗುರುಗಳಿಗೆ ತಿಳಿಸಲಿ. ಆ ಮಕ್ಕಳು ತಾವಾಗಿ ಬರುವುದಿಲ್ಲ, ನಾವೇ ಹೋಗಬೇಕು.

ನಾನಂತೂ ಈಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಪತ್ರ ಕೇಳಲು ಹೆತ್ತವರು ಬಂದರೆ ಮಗುವನ್ನೂ ಕರೆತರಲು ಹೇಳುತ್ತೇನೆ. ಹತ್ತು ನಿಮಿಷ ಮಗುವಿನೊಂದಿಗೆ ಮಾತ್ರ ಮಾತನಾಡುತ್ತೇನೆ. ಕೆಲವರು ಏನೂ ಹೇಳುವುದಿಲ್ಲ, "ಅಪ್ಪ ಹೇಳಿದ ಹಾಗೆ" ಎನ್ನುತ್ತಾರೆ. ಮರುದಿನ ಮತ್ತೆ ಬರಲು ಹೇಳುತ್ತೇನೆ. ಎರಡನೇ ದಿನ ಸಾಮಾನ್ಯವಾಗಿ ಮಾತು ಹೊರಡುತ್ತದೆ. ಆಮೇಲೆ ಹೆತ್ತವರನ್ನು ಒಳಗೆ ಕರೆದು ಎಲ್ಲರೂ ಕುಳಿತು ಮಾತನಾಡುತ್ತೇವೆ. ಹೆತ್ತವರ ಆಯ್ಕೆಯೇ ಸರಿಯೆಂದು ಕಂಡದ್ದೂ ಉಂಟು, ಮಗುವಿನದು ಸರಿಯೆಂದು ಕಂಡದ್ದೂ ಉಂಟು. ಪತ್ರ ಬರೆಯುವುದು ಅದಾದ ಮೇಲೆ.

ತಲಾಂತುಗಳ ಸಾಮತಿಯಲ್ಲಿ ಯಜಮಾನನು ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಕೊಟ್ಟ. ಎರಡು ಪಡೆದವನು ಐದು ಪಡೆದವನಷ್ಟು ಗಳಿಸಲಿಲ್ಲವೆಂದು ಯಜಮಾನ ಬೇಸರಿಸಲಿಲ್ಲ. ಇಬ್ಬರನ್ನೂ ಸಮನಾಗಿ ಮೆಚ್ಚಿದ. ನಮ್ಮ ಮಕ್ಕಳಿಗೆ ದೇವರು ಏನು ಕೊಟ್ಟಿದ್ದಾರೆ ಎಂದು ಮೊದಲು ನೋಡೋಣ. ಈ ವರ್ಷ ಅರ್ಜಿ ತುಂಬುವ ಮೊದಲು ಒಂದು ಸಂಜೆ ಟಿ.ವಿ. ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ನಿನಗೆ ಏನಾಗಬೇಕೆಂದಿದೆ?" ಎಂದು ಕೇಳಿ. ಉತ್ತರ ಬರಲು ತಡವಾದರೂ ಕಾಯಿರಿ.